ಸಾಕವ್ವ ಅಂದದ್ದು

ನಮ್ಮೂರಿನಲ್ಲಿ ಯಾರೂ ನೀರು ಸೇದುತ್ತಿರಲಿಲ್ಲ, ನಿಲ್ಲಿಸುತ್ತಿದ್ದರು. ಬಾವಿಯ ಮೇಲಿನ ಹಲಗೆ ಸರಿಸಿದರೆ ನೀರು ತಾನಾಗಿ ಮೇಲೆ ಬರುತ್ತಿತ್ತು. ಕೊಡ, ಹಂಡೆ, ಬಕೀಟು, ಏನು ಒಡ್ಡಿದರೂ ತುಂಬಿಕೊಡುತ್ತಿತ್ತು. ತುಂಬಿದ ಮೇಲೆ ಬಾವಿಯ ಕಡೆ ಮುಖ ಮಾಡಿ ‘ಸಾಕು’ ಅನ್ನಬೇಕು. ಮನಸ್ಸಿಟ್ಟು ಅಂದರೆ ನೀರು ಇಳಿದು ಹೋಗುತ್ತಿತ್ತು. ಬರೀ ಬಾಯಿಂದ ಅಂದರೆ ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಕಟ್ಟೆ ದಾಟಿ, ಓಣಿಯ ಗಟಾರ ಸೇರಿ, ಊರಾಚೆಯ ಚೌಳು ನೆಲಕ್ಕೆ ಬಿದ್ದು ಉಪ್ಪಾಗಿ ಹೋಗುತ್ತಿತ್ತು. ಅಲ್ಲಿ ನಿಂತ ನೀರನ್ನು ದನವೂ ಮೂಸುವುದಿಲ್ಲ.

ನಮಗೆ ಹೊಳೆಯಿಲ್ಲ, ಕೆರೆಯಿಲ್ಲ. ಇದ್ದದ್ದೆಲ್ಲ ನೆಲದ ಕೆಳಗಿನ ನೀರೇ, ಎಲ್ಲ ಬಾವಿಗಳ ಕೆಳಗೂ ಅದೊಂದೇ ನೀರು. ಒಬ್ಬರ ಹಿತ್ತಲ ಬಾವಿ ನಿಲ್ಲದೆ ಹರಿದರೆ ಇನ್ನೊಬ್ಬರ ಬಾವಿಯಲ್ಲಿ ಕಡಿಮೆಯಾಗುತ್ತದೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಅದಕ್ಕೇ ಆ ಮಾತನ್ನು ನಮ್ಮವರು ಹಗುರವಾಗಿ ಆಡುತ್ತಿರಲಿಲ್ಲ, ಬಳಸಿ ಬಳಸಿ ಸವೆದೀತು ಎಂಬ ಭಯ. ಊಟದ ಪಂಕ್ತಿಯಲ್ಲಿ ಬಡಿಸಲು ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು, ಅಷ್ಟೇ. ಬೇರೆ ಊರಿನ ಬೀಗರು ಎಲೆಯ ಮುಂದೆ ಕುಳಿತು ‘ಸಾಕು, ಸಾಕು’ ಎಂದು ಒದರಿದರೆ ಬಡಿಸುವವರು ಮುಖ ಸಿಂಡರಿಸುತ್ತಿದ್ದರು. ಹೊಸದಾಗಿ ಬಂದ ಸೊಸೆಯನ್ನು ಮೊದಲು ಬಾವಿಯ ಮುಂದೆ ನಿಲ್ಲಿಸುತ್ತಿದ್ದರು. ತವರು ಬಿಟ್ಟು ಬಂದ ಹುಡುಗಿ ಎಷ್ಟು ಮನಸ್ಸಿಟ್ಟು ಅಂದಾಳು? ಅವಳ ಕಾಲ ಮೇಲೆ ನೀರು ಹರಿಯುತ್ತಿದ್ದರೆ ಅತ್ತೆಯಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ನಮ್ಮ ಅಪ್ಪನಿಗೆ ಹೆಣ್ಣಿನ ಮೇಲೆ ಹೆಣ್ಣು. ಮೊದಲ ನಾಲ್ಕರಲ್ಲಿ ಯಾವುದೂ ಉಳಿಯಲಿಲ್ಲ. ಅವಕ್ಕೆ ಹಾಲೂ ಔಷಧವೂ ಸರಿಯಾಗಿ ಸಿಗಲಿಲ್ಲ ಎಂದು ಓಣಿಯವರು ಅನ್ನುತ್ತಿದ್ದರು, ನಾನು ನಂಬುತ್ತೇನೆ. ಐದನೆಯದೂ ಹೆಣ್ಣಾದ ದಿನ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಅವ್ವ ಏನೋ ಅಂದಳಂತೆ. ಅದರ ಕೊನೆಯ ಮಾತು ಮಾತ್ರ ಅಪ್ಪನ ಕಿವಿಗೆ ಬಿತ್ತು: ಸಾಕು. ಹೌದಲ್ಲ, ಇನ್ನು ಹೆಣ್ಣು ಸಾಕು ಎಂದು ಅಪ್ಪ ಕೂಸಿಗೆ ಸಾಕವ್ವ ಎಂದೇ ಹೆಸರಿಟ್ಟ. ದೇವರು ಕೇಳಲಿಲ್ಲ, ಆಮೇಲೆ ನಾನು ಹುಟ್ಟಿದೆ. ಸಾಕು ಅಂದ ಮೇಲೂ ಬಂದವಳು ಎಂದು ಊರೆಲ್ಲ ನನ್ನನ್ನು ಆಡಿಕೊಂಡಿತು. ಇವನ ಮಾತು ಬಾವಿಗೂ ಕೇಳಲ್ಲ, ದೇವರಿಗೂ ಕೇಳಲ್ಲ ಎಂದು ಅಪ್ಪನನ್ನೂ ಬಿಡಲಿಲ್ಲ. ನನ್ನ ಹೆಸರು ಬಸಲಿಂಗವ್ವ. ನನಗೆ ನಾಲಿಗೆ ಸ್ವಲ್ಪ ಉದ್ದ ಎನ್ನುತ್ತಾರೆ. ಬೇಡವಾಗಿ ಬಂದವರಿಗೆ ಅಷ್ಟಾದರೂ ಇರಬೇಕು.

ಅಕ್ಕನ ಹೆಸರಿನ ಮಾತು ಬಂದಾಗಲೆಲ್ಲ ಅವ್ವ ಒಲೆಯ ಕಡೆ ತಿರುಗಿ ಕೂಡುತ್ತಿದ್ದಳು. “ನಾ ಅಂದದ್ದ ಬ್ಯಾರೆ, ನಿಮ್ಮಪ್ಪ ಕೇಳಿದ್ದ ಬ್ಯಾರೆ,” ಅನ್ನುತ್ತಿದ್ದಳು. ಏನಂದಿದ್ದೆ ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಹಾಗೇ ತೀರಿಕೊಂಡಳು.

ಅಕ್ಕನಿಗೆ ಸಣ್ಣವಳಿದ್ದಾಗಲೇ ಆ ಮಾತು ಒಲಿದಿತ್ತು. ಬಾವಿಕಟ್ಟೆಯ ಮೇಲೆ ಅಂಗೈ ಇಟ್ಟು, ಬಗ್ಗಿ, ಮೆಲ್ಲಗೆ ಅನ್ನುತ್ತಿದ್ದಳು, ತೊಟ್ಟಿಲ ಕೂಸಿನ ಎದೆಯ ಮೇಲೆ ಕೈಯಿಟ್ಟು ಮಲಗಿಸುವ ಹಾಗೆ. ನೀರು ಒಂದು ಸಲ ಅಲುಗಿ ಸದ್ದಿಲ್ಲದೆ ಕೆಳಗೆ ಹೋಗುತ್ತಿತ್ತು. ಆಗ ಊರಲ್ಲಿ ಇನ್ನೂ ಬಹಳ ಮಂದಿಗೆ ಆ ಮಾತು ಬರುತ್ತಿತ್ತು, ಹೀಗಾಗಿ ಅವಳನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ.

ಆಮೇಲೆ ಊರು ಬೆಳೆಯಿತು. ಮನೆಯ ಮೇಲೆ ನೀರಿನ ಟಾಕಿ ಕಟ್ಟಿಸಿದರು, ಟಾಕಿಯ ಪಕ್ಕದಲ್ಲಿ ಇನ್ನೊಂದು ಟಾಕಿ. ಖಾನಾವಳಿಗಳಾದವು, ಲಾಡ್ಜ್ ಆಯಿತು, ಕಾರು ತೊಳೆಯುವ ಅಂಗಡಿಯಾಯಿತು. ಟಾಕಿ ತುಂಬಿದ ಮೇಲೆ ಬಾವಿಯ ಮುಂದೆ ನಿಂತು ಎಲ್ಲರೂ ‘ಸಾಕು’ ಅನ್ನುತ್ತಿದ್ದರು, ಆದರೆ ಕಣ್ಣು ಪಕ್ಕದ ಮನೆಯ ಟಾಕಿಯ ಮೇಲಿರುತ್ತಿತ್ತು. ನೀರಿಗೆ ಅದು ಹೇಗೆ ತಿಳಿಯುತ್ತಿತ್ತೋ! ಹರಿಯುತ್ತಲೇ ಇರುತ್ತಿತ್ತು. ಮೊದಲು ಹಲಗೆ ಸರಿಸುತ್ತಲೇ ಬರುತ್ತಿದ್ದ ನೀರಿಗೆ ಈಗ ಕಾಯಬೇಕಾಯಿತು. ಬಂದರೆ ಬೆಚ್ಚಗಿರುತ್ತಿತ್ತು, ಕಲ್ಲಿನ ವಾಸನೆ ಹೊಡೆಯುತ್ತಿತ್ತು. ಕೆಳಗೆ ತಳ ಕಾಣುತ್ತಿದೆ ಎಂದು ತಿಳಿದವರು ಹೇಳಿದರು. ಆಗ ಊರಿಗೆ ನಮ್ಮ ಅಕ್ಕನ ನೆನಪಾಯಿತು.

ನೀರಿನ ಕಮಿಟಿ ಅಂತ ಒಂದು ಮಾಡಿದರು. ಖಾನಾವಳಿಯ ಈರಸಂಗಪ್ಪನೇ ಅದಕ್ಕೆ ಅಧ್ಯಕ್ಷ. ಬೆಳಿಗ್ಗೆ ಎದ್ದರೆ ಅಕ್ಕ ಬಾವಿಯಿಂದ ಬಾವಿಗೆ ಹೋಗಬೇಕು, ಪ್ರತಿ ಬಾವಿಯ ನೀರು ನಿಲ್ಲಿಸಬೇಕು, ಅವಳ ಊಟ ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಎಂದು ಗೊತ್ತುಮಾಡಿದರು. ಅಕ್ಕ ಇಲ್ಲ ಅನ್ನಲಿಲ್ಲ. ಅವಳಿಗೆ ಬಾವಿಗಳೆಂದರೆ ಅಕ್ಕರೆ.

ಕಮಿಟಿಯವರು ಒಂದು ಲೆಕ್ಕ ಹಾಕಿದರು. ಸಾಕವ್ವನ ಮಾತು ಯಾಕೆ ನಡೆಯುತ್ತದೆ? ಅವಳಿಗೆ ಏನೂ ಬೇಡ, ಅದಕ್ಕೇ ನಡೆಯುತ್ತದೆ. ಬೇಕು ಅನ್ನುವುದು ಹುಟ್ಟಿದರೆ ಸಾಕು ಅನ್ನುವುದು ಸಾಯುತ್ತದೆ. ಆದ್ದರಿಂದ ಅವಳಿಗೆ ಯಾವ ಆಸೆಯೂ ಹತ್ತದಂತೆ ನೋಡಿಕೊಳ್ಳುವುದು ಊರಿನ ಹೊಣೆ. ಎಷ್ಟು ಚೆಂದದ ಲೆಕ್ಕ! ಅವಳಿಗೆ ಹೊಸ ಸೀರೆ ಯಾರೂ ಕೊಡಲಿಲ್ಲ, ಉಟ್ಟು ಬಿಟ್ಟದ್ದನ್ನು ಕೊಟ್ಟರು. ನೋಡಲು ಬಂದ ಗಂಡನ್ನು ಊರ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಅವಳಿಗೆ ಮಾವಿನ ಹಣ್ಣೆಂದರೆ ಜೀವ. ಹಣ್ಣಿನ ಕಾಲದಲ್ಲಿ ಅವಳು ಅಂಗಳಕ್ಕೆ ಕಾಲಿಟ್ಟರೆ ಹೆಂಗಸರು ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ವಾಸನೆಯನ್ನು ಮುಚ್ಚುವುದು ಅವರಿಗೆ ಆಗಲಿಲ್ಲ. ಅಕ್ಕ ನಕ್ಕು ತನ್ನ ಕೆಲಸ ಮುಗಿಸಿ ಬರುತ್ತಿದ್ದಳು. ನನಗೆ ಮಾತ್ರ ಆ ಬುಟ್ಟಿಗಳನ್ನು ಒದೆಯಬೇಕು ಅನ್ನಿಸುತ್ತಿತ್ತು.

ನಾನು ಓದಿ ಶಾಲೆಯ ಅಕ್ಕೋರು ಆದೆ. ಮಕ್ಕಳಿಗೆ ಆ ಮಾತನ್ನು ಕಲಿಸುತ್ತೇನೆ, ವಾರಕ್ಕೊಂದು ಪಾಠ ಕೊಡಿ ಎಂದು ಕಮಿಟಿಯನ್ನು ಕಾಡಿದೆ. ನೀರು ಉಳಿಸುವುದಕ್ಕೆ ಎಂದು ಅರ್ಜಿಯಲ್ಲಿ ಬರೆದೆ, ಮನಸ್ಸಿನಲ್ಲಿ ಇದ್ದದ್ದು ಅಕ್ಕ. ಊರಿನ ಮಕ್ಕಳಿಗೆಲ್ಲ ಮಾತು ಬಂದರೆ ಅವಳೊಬ್ಬಳು ಮನೆಯಲ್ಲಿ ಕುಳಿತು ಮಾವಿನ ಹಣ್ಣು ತಿನ್ನಬಹುದಲ್ಲ! ಈರಸಂಗಪ್ಪ ಒಪ್ಪಿದ. ಗೋಡೆಗಳ ಮೇಲೆಲ್ಲ ದೊಡ್ಡ ಅಕ್ಷರದಲ್ಲಿ ‘ಸಾಕು’ ಎಂದು ಬರೆಸಿದ. ಅಕ್ಕನ ದನಿಯನ್ನು ರೆಕಾರ್ಡ್ ಮಾಡಿ ಆಟೋದಲ್ಲಿ ಮೈಕು ಕಟ್ಟಿ ಓಣಿ ಓಣಿ ತಿರುಗಿಸಿದ. ಒಂದು ಬಾವಿಯೂ ಕಿವಿಗೊಡಲಿಲ್ಲ. ಪಾಠದ ಉದ್ಘಾಟನೆಯ ದಿನ ನೀರಿನ ಮಹತ್ವದ ಬಗ್ಗೆ ಅವನು ಭಾಷಣ ಮಾಡುತ್ತಿದ್ದಾಗ ಅವನ ಖಾನಾವಳಿಯ ಹಿಂದಿನ ಬಾವಿ ಹರಿದು ಬಂದು ಮುಂದೆ ಕುಳಿತವರ ಚಪ್ಪಲಿಗಳನ್ನು ತೇಲಿಸಿಕೊಂಡು ಹೋಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಮಕ್ಕಳು ಕಲಿತರು. ಶಾಲೆಯ ಬಾವಿಯ ಸುತ್ತ ನಿಲ್ಲಿಸಿ ಕೈಯಲ್ಲಿ ಒಂದೊಂದು ಉಂಡೆ ಕೊಟ್ಟು, ಅರ್ಧ ತಿಂದು ಅರ್ಧ ಪಕ್ಕದವರಿಗೆ ಕೊಟ್ಟು ಆಮೇಲೆ ಅನ್ನಿ ಎನ್ನುತ್ತಿದ್ದೆ. ಮೊದಮೊದಲು ಉಂಡೆ ಮಾತ್ರ ಖರ್ಚಾಯಿತು. ಬರಬರುತ್ತ ಕೆಲವರ ಮಾತಿಗೆ ನೀರು ತಡೆಯಿತು, ಒಬ್ಬಿಬ್ಬರ ಮಾತಿಗೆ ಇಳಿದೇ ಹೋಯಿತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ತಂದೆತಾಯಿಗಳು ಶಾಲೆಗೆ ಬಂದರು.

“ಅಕ್ಕೋರ, ನಮ್ಮ ಹುಡುಗಗ ಏನ್ ಕಲಸೀರಿ?” ಎಂದು ಕಾರು ತೊಳೆಯುವ ಅಂಗಡಿಯವನ ಹೆಂಡತಿ ಕೇಳಿದಳು. “ಪರೀಕ್ಷೆದಾಗ ಎಪ್ಪತ್ತ ಬಂದಾವ. ಮುಂದಿನ ಸಲ ತೊಂಬತ್ತ ತಗಿ ಅಂದ್ರ, ಇಷ್ಟ ಸಾಕಲ್ಲ ಅಂತಾನ್ರಿ! ಇವ ಮುಂದ ಹೆಂಗ್ ಬಾಳೇವು ಮಾಡ್ತಾನ?”

“ನಮ್ಮಾಕಿ ಹೊಸಾ ಅಂಗಿ ಬ್ಯಾಡ ಅಂದಾಳ್ರಿ,” ಎಂದಳು ಇನ್ನೊಬ್ಬಳು. “ಜನ ಏನಂತಾರ?”

ಈರಸಂಗಪ್ಪ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದ. “ಅಕ್ಕೋರ, ಊರಿಗೆ ಒಬ್ಬಾಕಿ ಸಾಕವ್ವ ಇದ್ದಾಳ. ಎಲ್ಲಾರೂ ಸಾಕವ್ವ ಆದ್ರ ಊರ ನಡೀತೈತೇನು?” ಪಾಠ ನಿಂತಿತು, ಮಕ್ಕಳಿಗೆ ಕಲಿತದ್ದೂ ಮರೆತುಹೋಯಿತು. ಅಕ್ಕನ ನಡಿಗೆ ನಿಲ್ಲಲಿಲ್ಲ.

ಆ ವರ್ಷವೇ ಕೂಸು ಬಂದದ್ದು. ಕಲ್ಲು ಒಡೆಯಲು ಹೊರಗಿನಿಂದ ಬಂದಿದ್ದ ಒಂದು ಗುಂಪು ಊರ ಹೊರಗೆ ಗುಡಿಸಲು ಹಾಕಿತ್ತು. ಅವರಲ್ಲಿ ಒಬ್ಬ ಹೆಂಗಸು ಜ್ವರದಲ್ಲಿ ತೀರಿಕೊಂಡಳು. ಗುಂಪು ಗುಡಿಸಲು ಕಿತ್ತುಕೊಂಡು ಹೋದ ದಿನ ಬಟ್ಟೆ ಒಗೆಯುವ ಕಲ್ಲುಗಳ ನಡುವೆ ಅವಳ ಹೆಣ್ಣುಕೂಸು ಅಳುತ್ತಿತ್ತು. ಅಕ್ಕ ಎತ್ತಿಕೊಂಡು ಮನೆಗೆ ತಂದಳು. ನಮ್ಮದೇ ಕೂಸು ಎಂಬಂತೆ ತೊಡೆಯ ಮೇಲೆ ಹಾಕಿಕೊಂಡು ಬಟ್ಟೆಯ ತುದಿಯಿಂದ ಹಾಲು ಹಿಂಡಿದಳು. “ಬಸಲೀ, ನನಗ ಈ ಕೂಸು ಬೇಕು,” ಅಂದಳು. ಅವಳ ಬಾಯಲ್ಲಿ ‘ಬೇಕು’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಅಡುಗೆ ಮನೆಗೆ ಹೋಗಿ ಅತ್ತೆ.

ಮರುದಿನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಅಕ್ಕ ಬಾವಿಗಳಿಗೆ ಹೋದಳು. ನಾನೂ ಜೊತೆಗೆ ಹೋದೆ, ಒಳಗೊಳಗೆ ಭಯ. ಒಂದೊಂದು ಬಾವಿಯೂ ಅವಳು ಬಗ್ಗುವ ಮೊದಲೇ ಇಳಿಯತೊಡಗಿತು. ಅಷ್ಟು ಚುರುಕಾಗಿ ನೀರು ಹೇಳಿದ ಮಾತು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಹೀಗೇ ಒಂದಷ್ಟು ದಿನ ನಡೆಯಿತು. ಹಲಗೆ ಸರಿಸಿದರೆ ತಣ್ಣಗಿನ ನೀರು ಬಂತು ಎಂದು ಓಣಿಯ ಹೆಂಗಸರು ಹೇಳಿದರು.

ಕಮಿಟಿಯವರಿಗೆ ಕಣ್ಣಿಗೆ ಕಂಡದ್ದಕ್ಕಿಂತ ತಮ್ಮ ಲೆಕ್ಕವೇ ದೊಡ್ಡದು. ಆಸೆ ಹುಟ್ಟಿದೆ, ಇನ್ನು ಮಾತು ಸಾಯುವುದು ಖಂಡಿತ ಎಂದು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಈರಸಂಗಪ್ಪ ಚಪ್ಪಲಿ ಹೊರಗೆ ಬಿಟ್ಟು ಕೈ ಮುಗಿದ.

“ತಾಯೀ, ಊರಿನ ಸಲುವಾಗಿ ಕೇಳಾಕತ್ತೀವಿ. ಕೂಸ ನಮ್ಮ ಮನ್ಯಾಗ ಇರಲಿ. ನನ್ನ ಹೆಂಡ್ತಿ ಜ್ವಾಪಾನ ಮಾಡ್ತಾಳ.”

“ನೀರ ನಿಂತಾವಲ್ರೀ ಯಪ್ಪಾ,” ಎಂದಳು ಅಕ್ಕ. “ಮೊದಲಗಿಂತ ಛಲೋ ನಿಂತಾವ.”

“ಇವತ್ತ ನಿಂತಾವ. ನಾಳಿ?”

“ಬ್ಯಾಡ್ರಿ. ಕೈ ಮುಗೀತೀನಿ. ಇದೊಂದ ಬಿಡ್ರಿ ನನಗ.”

“ನೋಡಿದ್ರೆಲಾ,” ಎಂದು ಈರಸಂಗಪ್ಪ ಉಳಿದವರ ಕಡೆ ತಿರುಗಿದ. “ನನಗ ಅನ್ನಾಕ ಸುರು ಮಾಡಿದ್ಲು.”

ನಾನು ಬಾಗಿಲಿಗೆ ಅಡ್ಡ ನಿಂತೆ, ಬಾಯಿಗೆ ಬಂದದ್ದೆಲ್ಲ ಬೈದೆ. ನಾಲ್ಕು ಜನ ಗಂಡಸರು ಒಬ್ಬ ಹೆಂಗಸನ್ನು ಪಕ್ಕಕ್ಕೆ ಸರಿಸುವುದು ಏನು ದೊಡ್ಡ ಕೆಲಸ? ಕೂಸು ಅಳುತ್ತ ಹೋಯಿತು. ಅಕ್ಕ ಹೊಸ್ತಿಲಲ್ಲಿ ಕುಳಿತವಳು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಾವಿಯ ಮುಂದೆ ನಿಂತು ಅವಳು ‘ಸಾಕು’ ಅಂದಳು. ನೀರು ಇಳಿಯಲಿಲ್ಲ. ಎರಡನೆಯದರಲ್ಲೂ ಇಲ್ಲ. ಯಾವ ಬಾವಿಯಲ್ಲೂ ಇಲ್ಲ. ನಾವು ಹೇಳಿದ್ದೇ ನಿಜವಾಯಿತಲ್ಲ ಎಂದು ಕಮಿಟಿಯವರು ತಲೆಯಾಡಿಸಿದರು. ಕೂಸನ್ನು ಕಸಿದುಕೊಂಡದ್ದಕ್ಕೇ ಹೀಗಾಯಿತು ಎಂದು ನಾನು ಕಿರುಚಿದೆ. ಕೂಸಿನ ಆಸೆ ಅವಳಲ್ಲಿ ಇನ್ನೂ ಸತ್ತಿಲ್ಲ, ಅದಕ್ಕೇ ಹೀಗೆ ಎಂದು ಅವರು ಅಂದರು. ಒಂದೇ ಸಂಗತಿಯನ್ನು ಇಬ್ಬರೂ ನೋಡಿದೆವು, ಏನು ಮಾಡುವುದು?

ಅವಳನ್ನು ಊರ ನಡುವಿನ ದೊಡ್ಡ ಬಾವಿಯ ಮುಂದೆ ನಿಲ್ಲಿಸಿದರು. ಮಾತು ಬರುವ ತನಕ ಅಲ್ಲಿಂದ ಕದಲಬಾರದು. ಮೊಣಕಾಲಿನವರೆಗೆ ಹರಿಯುವ ನೀರಿನಲ್ಲಿ ನಿಂತು ಅಕ್ಕ ಬೆಳಗಿನಿಂದ ಸಂಜೆಯ ತನಕ ‘ಸಾಕು, ಸಾಕು’ ಅಂದಳು. ಈಗ ಅವಳ ಬಾಯಲ್ಲಿ ಅದಕ್ಕೆ ಒಂದೇ ಅರ್ಥವಿತ್ತು, ಬಿಟ್ಟುಬಿಡಿ ಎಂದು. ಊರು ಅರ್ಥ ಮಾಡಿಕೊಳ್ಳಲಿಲ್ಲ, ನೀರೂ ಮಾಡಿಕೊಳ್ಳಲಿಲ್ಲ. ಸಂಜೆ ಮನೆಗೆ ಕರೆತಂದು ಕಾಲು ಒರೆಸಿದರೆ ಬೆರಳುಗಳು ಬೆಳ್ಳಗೆ ಮುದುರಿ ಹೋಗಿದ್ದವು. ಮರುದಿನ ಮತ್ತೆ ಬಂದು ಕರೆದುಕೊಂಡು ಹೋದರು. ಊರಿನ ಎಲ್ಲ ಬಾವಿಗಳೂ ಹಗಲೂ ರಾತ್ರಿ ಹರಿದವು. ಹಲಗೆಯ ಮೇಲೆ ಕಲ್ಲು ಹೇರಿದರೆ ಕಲ್ಲನ್ನೂ ಎತ್ತಿ ಹರಿದವು. ಹಿರಿಯರು ತಲೆಮಾರುಗಳಿಂದ ಜತನ ಮಾಡಿ ಇಟ್ಟಿದ್ದ ನೀರು ನಮ್ಮ ಕಣ್ಣೆದುರೇ ಚೌಳಿಗೆ ಹೋಯಿತು. ಚೌಳು ನೆಲ ಕಡಲಿನಂತಾಯಿತು. ಅದನ್ನು ನೋಡಲು ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು, ನಾಚಿಕೆಗೇಡು.

ಅಕ್ಕನಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಮಲಗಿಸಿ ಅಂದರು. ಕಮಿಟಿಯವರು ಕಟ್ಟೆಯ ಮೇಲೆ ಒಂದು ಹಾಸಿಗೆ ಹಾಕಿ ಅಲ್ಲೇ ಮಲಗಿಸಿದರು, ಅದೂ ಮಲಗಿಸಿದಂತೆಯೇ ಎಂದರು. ಅವಳ ದನಿ ಹೋಯಿತು. ಬರೀ ತುಟಿ ಅಲ್ಲಾಡುತ್ತಿತ್ತು.

ಅಂದು ಮಧ್ಯಾಹ್ನ ನಾನು ಎದ್ದು ಸೀದಾ ಈರಸಂಗಪ್ಪನ ಮನೆಗೆ ಹೋದೆ. ಅವನು ಬಾವಿಯ ಹತ್ತಿರ ಇದ್ದ. ಜಗಳಕ್ಕೆ ಸೊಂಟ ಕಟ್ಟಿಯೇ ಹೋಗಿದ್ದೆ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕೂಸು ಅವಳ ಹೆಗಲ ಮೇಲಿತ್ತು. ನಾನು ಬಾಯಿ ತೆಗೆಯುವ ಮೊದಲೇ ಕೂಸನ್ನು ನನ್ನ ಕೈಗಿಟ್ಟಳು. “ಲಗೂನ ಒಯ್ಯವಾ,” ಅಂದಳು. “ಹಾಲ ಕುಡ್ಯಾಂಗಿಲ್ಲ ಇದು. ದಾರೀನ ನೋಡತೈತಿ.”

ದೊಡ್ಡ ಬಾವಿಯ ಸುತ್ತ ಊರೆಲ್ಲ ನೆರೆದಿತ್ತು. ನನ್ನ ಕೈಯಲ್ಲಿ ಕೂಸನ್ನು ಕಂಡು ಈರಸಂಗಪ್ಪ ಅಡ್ಡ ಬಂದ, ನನ್ನ ಮುಖ ನೋಡಿ ಸರಿದ. ಕೂಸನ್ನು ಅಕ್ಕನ ಎದೆಯ ಮೇಲೆ ಮಲಗಿಸಿದೆ. ಅವಳು ಕಣ್ಣು ತೆರೆದಳು. ಕೈ ಎತ್ತಿ ಅದರ ತಲೆಯ ಮೇಲಿಟ್ಟಳು, ಬಾವಿಕಟ್ಟೆಯ ಮೇಲೆ ಇಡುತ್ತಿದ್ದ ಹಾಗೆಯೇ. ತಾನು ಉಳಿಯುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಕೂಸನ್ನು ಎತ್ತುವ ಶಕ್ತಿ ಇರಲಿಲ್ಲ, ನನ್ನ ಕಡೆಗೆ ಮೆಲ್ಲಗೆ ನೂಕಿದಳು. ನಾನು ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿಯಿಟ್ಟೆ.

“ಬಸಲೀ,” ಅಂದಳು. ಹೋಗಿದ್ದ ದನಿ ಎಲ್ಲಿಂದ ಬಂತೋ. “ಇದನ್ನ ಸಾಕು.”

ನೀರು ನಿಂತಿತು. ಕಟ್ಟೆಯ ಮೇಲಿನಿಂದ ಹರಿಯುತ್ತಿದ್ದದ್ದು ತಟ್ಟನೆ ಕಡಿದುಹೋಯಿತು. ಓಣಿಗಳಿಂದ ಜನ ಓಡಿ ಬಂದು ತಮ್ಮ ತಮ್ಮ ಬಾವಿಗಳೂ ನಿಂತವೆಂದು ಹೇಳಿದರು. ಎಲ್ಲರೂ ಕೇಕೆ ಹಾಕಿದರು, ಚಪ್ಪಾಳೆ ತಟ್ಟಿದರು. ಈರಸಂಗಪ್ಪ ಒದ್ದೆ ಕಲ್ಲಿನ ಮೇಲೆ ಅಡ್ಡಬಿದ್ದ. “ಕಡೀಗೂ ಸಾಕು ಅಂದ್ಲು ನಮ್ಮವ್ವ! ಕಡೀಗೂ ಆಸೆ ಬಿಟ್ಲು!” ಎಂದು ಅಳುತ್ತ ಕೂಗಿದ. ಆ ಗದ್ದಲದಲ್ಲಿ ಅಕ್ಕನ ಉಸಿರು ನಿಂತದ್ದು ನನಗೊಬ್ಬಳಿಗೇ ತಿಳಿಯಿತು.

ಅವಳ ಕೈ ಹಿಡಿದುಕೊಂಡು ಕುಳಿತಿದ್ದಾಗ ಅವ್ವ ನೆನಪಾದಳು, ಒಲೆಯ ಕಡೆ ತಿರುಗಿ ಕುಳಿತ ಅವ್ವ. ನಾಲ್ಕು ಹೆಣ್ಣುಕೂಸುಗಳನ್ನು ಕಳೆದುಕೊಂಡವಳು ಐದನೆಯದನ್ನು ಬಾಗಿಲಲ್ಲಿ ನಿಂತ ಗಂಡನ ಕಡೆ ಚಾಚಿ ಏನು ಹೇಳಿರುತ್ತಾಳೆ? ಇದನ್ನಾದರೂ ಸಾಕು ಎಂದಿರುತ್ತಾಳೆ. ಬೆಳೆಸು, ಉಳಿಸು, ಕೈಬಿಡಬೇಡ ಎಂದಿರುತ್ತಾಳೆ. ಅಪ್ಪ ಕೇಳಿಸಿಕೊಂಡದ್ದು ಇನ್ನು ಬೇಡ ಎಂದು. ಊರೂ ತಲೆತಲಾಂತರದಿಂದ ಅದನ್ನೇ ಕೇಳಿಸಿಕೊಂಡಿತ್ತು. ಬಾವಿಯ ಮುಂದೆ ನಿಂತು ಮೊದಲು ಆ ಮಾತು ಆಡಿದ ಹಿರಿಯರು ನೀರಿಗೆ ಹೋಗು ಎಂದಿದ್ದರೋ, ನಮ್ಮನ್ನು ಸಾಕು ಎಂದಿದ್ದರೋ, ಕೇಳಲು ಯಾರೂ ಉಳಿದಿಲ್ಲ. ಅಕ್ಕ ಯಾವಾಗಲೂ ಎರಡನೆಯದನ್ನೇ ಅನ್ನುತ್ತಿದ್ದಳು ಎಂದು ನನಗೆ ಈಗ ಖಾತ್ರಿ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲವೇನೋ.

ನಾನು ಇದನ್ನು ಮನೆ ಮನೆಗೆ ಹೋಗಿ ಹೇಳಿದೆ. ಅಕ್ಕ ಹೋದ ದುಃಖದಲ್ಲಿ ನನ್ನ ತಲೆ ಕೆಟ್ಟಿದೆ ಎಂದರು. ದೊಡ್ಡ ಬಾವಿಯ ಪಕ್ಕದಲ್ಲಿ ಅವಳ ಕಲ್ಲಿನ ಮೂರ್ತಿ ನಿಲ್ಲಿಸಿ, ಕೆಳಗೆ ‘ಆಸೆ ತೊರೆದ ತಾಯಿ’ ಎಂದು ಕೆತ್ತಿಸಿದರು. ಮಾವಿನ ಕಾಲದಲ್ಲಿ ಅದರ ಮುಂದೆ ಹಣ್ಣು ಇಡುತ್ತಾರೆ. ನಾನು ಆ ಕಡೆ ಹೋಗುವುದಿಲ್ಲ.

ನೀರು ನಿಂತಿತು ನಿಜ, ಆದರೆ ನಿಲ್ಲುವಷ್ಟರಲ್ಲಿ ಬಹುಪಾಲು ಹೋಗಿಯಾಗಿತ್ತು. ಈಗ ಹಲಗೆ ಸರಿಸಿದರೆ ಕತ್ತಲೆ ಮಾತ್ರ ಕಾಣುತ್ತದೆ, ಬಹಳ ಕೆಳಗೆ ಒಂದು ಹೊಳಪು. ನಾವೂ ಈಗ ಬೇರೆ ಊರಿನವರ ಹಾಗೆ ಹಗ್ಗ ಬಿಟ್ಟು ಸೇದುತ್ತೇವೆ. ಸೇದಿ ಅಭ್ಯಾಸವಿಲ್ಲದ ಊರು, ಎಲ್ಲರ ಅಂಗೈಯಲ್ಲೂ ಬೊಬ್ಬೆ. ಟಾಕಿಗಳಲ್ಲಿ ಪಾರಿವಾಳ ಗೂಡು ಕಟ್ಟಿವೆ. ಖಾನಾವಳಿ ಮುಚ್ಚಿತು. ಈರಸಂಗಪ್ಪನೂ ಸರದಿಯಲ್ಲಿ ಕೊಡ ಹಿಡಿದು ನಿಲ್ಲುತ್ತಾನೆ, ನನ್ನ ಮುಖ ನೋಡುವುದಿಲ್ಲ.

ಕೂಸು ನನ್ನ ಹತ್ತಿರವೇ ಬೆಳೆಯಿತು. ಜನ ಅವಳನ್ನು ಸಾಕುಮಗಳು ಎನ್ನುತ್ತಾರೆ, ಸ್ವಲ್ಪ ಮೂಗು ಮುರಿದೇ ಎನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಮಾತು ಗೊತ್ತಿಲ್ಲ. ಮೊನ್ನೆ ಅವಳು ಶಾಲೆಗೆ ಸೇರಿದಳು. ಅದೇ ವಾರ ಕಮಿಟಿಯವರು ಬಂದು, ಅಕ್ಕೋರ, ನಿಮ್ಮ ಪಾಠ ಮತ್ತ ಸುರು ಮಾಡ್ರಿ ಎಂದು ತಲೆ ತಗ್ಗಿಸಿ ಕೇಳಿದರು. ಈಗ ಯಾಕೆ ಎಂದು ಕೇಳಬೇಕೆನಿಸಿತು. ಇದರಲ್ಲಿ ಮಕ್ಕಳದೇನು ತಪ್ಪು ಎಂದು ಒಪ್ಪಿಕೊಂಡೆ.

ಬೋರ್ಡಿನ ಮೇಲೆ ಆ ಎರಡು ಅಕ್ಷರ ಬರೆದೆ. “ಹಂಗಂದ್ರ ಏನು?” ಎಂದು ಕೇಳಿದೆ.

“ಇನ್ನ ಬ್ಯಾಡ ಅಂತ!” ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು. ಊರಿನ ಗೋಡೆಗಳ ಮೇಲೆ ಆ ಬರಹ ಇನ್ನೂ ಅಳಿಸಿಲ್ಲ.

ನನ್ನ ಮಗಳು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನಮ್ಮ ಮನೆಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಅವಳು ಬೋರ್ಡು ನೋಡಿದಳು, ನನ್ನನ್ನು ನೋಡಿದಳು. ಏನೋ ಬಿಟ್ಟುಹೋಗಿದೆ ಎನ್ನುವಂತೆ ಹುಬ್ಬು ಗಂಟಿಕ್ಕಿದಳು.

“ಯಾರನ್ನ, ಅವ್ವಾ?” ಎಂದು ಕೇಳಿದಳು.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನು ಕಿಟಕಿಯಾಚೆ ಬಾವಿಯ ಕಡೆ ಕೈ ತೋರಿಸಿದೆ. ಅಲ್ಲಿ ಯಾರೋ ಹಗ್ಗ ಜಗ್ಗುತ್ತಿದ್ದರು, ರಾಟೆ ಕಿರುಗುಟ್ಟುತ್ತಿತ್ತು. ನಗು ನಿಲ್ಲುವ ಹೊತ್ತಿಗೆ ಕೊಡ ಮೇಲೆ ಬಂತು. ಅದರಲ್ಲಿ ಅರ್ಧ ಕೆಸರಿತ್ತು.